ವಲ್ಲಿಯ ಕೆಳಗಿನ ಮಾತು

ದನದ ದಲ್ಲಾಳಿ ಗಾದಿಲಿಂಗಪ್ಪನ ಮಾತೆಲ್ಲ ಬೆರಳಲ್ಲೇ ಇತ್ತು. ಹೊಸಪೇಟೆ ಸಂತೆಯಲ್ಲಿ ಕೊಳ್ಳುವವನ ಕೈ ಹಿಡಿದು ಮೇಲೆ ಹೆಗಲ ಬಟ್ಟೆ ವಲ್ಲಿಯನ್ನು ಮುಚ್ಚಿ ಬೆರಳು ಒತ್ತಿದನೆಂದರೆ, ದರ ಎಷ್ಟೆಂದು ಪಕ್ಕದಲ್ಲಿ ನಿಂತ ದೇವರಿಗೂ ತಿಳಿಯುತ್ತಿರಲಿಲ್ಲ. ಅಂಥವನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿತ್ತು, ನಾಲಗೆಯೂ ಬಿತ್ತು. ಬಳ್ಳಾರಿಯ ಇಂಗ್ಲಿಷ್ ದೊರೆ ಡಾಕ್ಟರು ನೋಡಿ, ಇನ್ನು ಮಾತು ಬರುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಂಡರು.

ದಾರಿ ಹುಡುಕಿದವಳು ಹೆಂಡತಿ ಉಚ್ಚೆಂಗಮ್ಮ. ಗಂಡನ ನೆಟ್ಟಗಿದ್ದ ಕೈಗೆ ತನ್ನ ಕೈ ಕೊಟ್ಟಳು. ಹೆಬ್ಬೆರಳು ಒತ್ತಿದರೆ ಹೂಂ, ಕಿರುಬೆರಳು ಹಿಡಿದರೆ ಬ್ಯಾಡ, ನಡುಬೆರಳು ನೀರು. ಆದರೆ ವಲ್ಲಿ ಮುಚ್ಚದೆ ಅವನು ಬೆರಳು ಮುಟ್ಟುತ್ತಿರಲಿಲ್ಲ. ಸಂತೆಯ ಮರ್ಯಾದೆ ಅದು. "ಹುಟ್ಟುಗುಣ ಸುಟ್ರೂ ಹೋಗಲ್ಲ ನೋಡ್ರಿ," ಎಂದು ನಗುತ್ತ ಅವಳೇ ಹೊದಿಸುತ್ತಿದ್ದಳು. ಅವನು ಒತ್ತಿದ್ದನ್ನು ಅವಳು ಹೇಳಬೇಕು, ಮನೆಮಂದಿ ನಂಬಬೇಕು.

ಹೀಗಿರುವಾಗ ಮಗಳು ಭರಮಮ್ಮನಿಗೆ ಕಂಪ್ಲಿಯಿಂದ ಗಂಡು ಬಂತು. ಕಾಲುವೆ ಕೆಳಗೆ ಗದ್ದೆ ಇತ್ತು ನಿಜ. ಆದರೆ ಹೆಂಡತಿ ಸತ್ತವನು, ಮೀಸೆ ನರೆತವನು. ಸಂಬಂಧ ತಂದವನು ಉಚ್ಚೆಂಗಮ್ಮನ ತಮ್ಮ ಪಂಪಣ್ಣ. ಯಜಮಾನ ಮೂಲೆ ಹಿಡಿದ ಮನೆಯ ಹುಡುಗಿಯನ್ನು ಇನ್ಯಾರು ಕೇಳಿಯಾರು ಎಂಬ ಹೆದರಿಕೆ ತಾಯಿಯನ್ನು ತಿನ್ನುತ್ತಿತ್ತು.

ವೀಳ್ಯ ಹಿಡಿದು ಮದುವೆ ಗೊತ್ತುಮಾಡುವ ದಿನ ಪಂಪಣ್ಣ ಬೀಗರೆದುರು ಕೇಳಿದ: "ಅಕ್ಕಾ, ಮಾವಗ ಒಪ್ಗಿ ಐತೇನು ಕೇಳು."

ವಲ್ಲಿಯಡಿ ಗಾದಿಲಿಂಗಪ್ಪ ಅವಳ ಕಿರುಬೆರಳು ಹಿಡಿದ. ನೋಯುವಷ್ಟು ಹಿಡಿದ.

"ಹೂಂ ಅಂದ್ರು," ಎಂದಳು ಉಚ್ಚೆಂಗಮ್ಮ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಗಂಡ ಅವಳನ್ನೇ ನೋಡಿದ. ಆಮೇಲೆ ತಲೆ ಬಗ್ಗಿಸಿ, ವಲ್ಲಿಯ ಅಂಚನ್ನು ಹಲ್ಲಲ್ಲಿ ಕಚ್ಚಿ ಎಳೆದು ಕೆಳಕ್ಕೆ ಕೆಡವಿದ. ಅವಳ ಕಿರುಬೆರಳು ಅವನ ಮುಷ್ಟಿಯಲ್ಲಿರುವುದು ಎಲ್ಲರಿಗೂ ಕಂಡಿತು.

"ಏನಿದು?" ಎಂದರು ಕಂಪ್ಲಿಯವರು.

ಬಾಗಿಲಲ್ಲಿ ನಿಂತಿದ್ದ ಭರಮಮ್ಮ ಬಾಯಿ ಬಿಟ್ಟಳು: "ಅಪ್ಪ ಬ್ಯಾಡ ಅಂದಾನ್ರಿ. ಅವ್ವ ಸುಳ್ಳು ಹೇಳ್ಯಾಳ."

ಬೀಗರು ಎದ್ದು ಹೋದರು. ಅವರ ಹಿಂದೆಯೇ ಪಂಪಣ್ಣ, ಬೈಯುತ್ತ. ಉಚ್ಚೆಂಗಮ್ಮನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತ್ತು.

"ತಪ್ಪಾತ್ರಿ," ಎಂದು ವಲ್ಲಿ ಎತ್ತಿ ಕೊಡವಿ, ಮತ್ತೆ ಕೈ ಮೇಲೆ ಹೊದಿಸಲು ಹೋದಳು.

ಅವನು ಅವಳ ಕಿರುಬೆರಳು ಹಿಡಿದ.

ಅಂದಿನಿಂದ ನೀರು ಕೇಳುವುದಿದ್ದರೂ ಗಾದಿಲಿಂಗಪ್ಪ ಹೆಂಡತಿಯ ಬೆರಳು ಮುಟ್ಟುವ ಮೊದಲು ಮಗಳು ಬಂದು ಎದುರಿಗೆ ನಿಲ್ಲುವ ತನಕ ಕಾಯುತ್ತಿದ್ದ.