ಎರಡನೆಯ ಅಡುಗೆಮನೆ

ನಮ್ಮ ಹೊಸ ಮನೆ ನೀಲಿ ಕಾಗದದ ಮೇಲೆ ಬಿಳಿ ಗೆರೆಗಳಾಗಿ ಚನ್ನಗಿರಿಯಿಂದ ಬಸ್ಸಿನಲ್ಲಿ ಬಂತು. ತಂದವರು ನನ್ನ ಗಂಡ ಜಯಪ್ಪ. ಮಡಿಸಿದರೆ ಎಲ್ಲಿ ಗೋಡೆ ಮುರಿದೀತೋ ಅನ್ನುವ ಹಾಗೆ ಅದನ್ನು ಸುರುಳಿ ಸುತ್ತಿ, ಎದೆಗೆ ಆನಿಸಿಕೊಂಡು, ಕೆರೆಬಿಳಚಿಯ ಬಸ್‌ಸ್ಟಾಪಿನಿಂದ ಮನೆಯವರೆಗೂ ನಡೆದು ಬಂದರು. ನನ್ನನ್ನು ಮದುವೆಯಾಗಿ ಕರೆದು ತಂದ ದಿನವೂ ಅವರು ಅಷ್ಟು ಜೋಪಾನ ಮಾಡಿರಲಿಲ್ಲ.

ಅದು ಎಪ್ಪತ್ತೊಂಬತ್ತನೇ ಇಸವಿ. ಸುಗ್ಗಿ ಮುಗಿದಿತ್ತು. ಯುಗಾದಿಗೆ ಮುಂಚೆ ಪಾಯ ತೆಗೆಯಬೇಕೆಂದು ಮಾವ ದುರುಗಪ್ಪನವರು ದಿನ ನೋಡಿಸಿ ಇಟ್ಟಿದ್ದರು. ಹಳೆಯ ಮಾಳಿಗೆ ಮನೆಯಲ್ಲಿ ಮಕ್ಕಳನ್ನು ಬಿಟ್ಟರೆ ನಾವು ಆರು ಜನ: ಮಾವ, ಅತ್ತೆ ಗಾದ್ರಮ್ಮ, ದೊಡ್ಡ ಮಗ ಓಬಣ್ಣ, ಅವರ ಹೆಂಡತಿ ಕರಿಬಸಮ್ಮ, ಆಮೇಲೆ ನಾವಿಬ್ಬರು. ಈ ಆರು ಜನರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು ನಾನೊಬ್ಬಳೇ. ನಮ್ಮವರು ಎರಡು ಸಲ ಕೂತು, ಎರಡು ಸಲವೂ ಗಣಿತದ ಮೇಷ್ಟರನ್ನು ಬೈದುಕೊಂಡು ಬಂದವರು. ಹಾಗಾಗಿ ಮನೆಗೆ ಯಾವ ಕಾಗದ ಬಂದರೂ “ಸಾವಂತ್ರಿ, ಓದವ್ವ” ಅನ್ನುವುದು ರೂಢಿಯಾಗಿತ್ತು. ಅವತ್ತೂ ಹಾಗೇ ಆಯಿತು. ನನ್ನ ಗ್ರಹಚಾರ.

ಕಾಗದವನ್ನು ನಡುಮನೆಯಲ್ಲಿ ಹಾಸಿ, ನಾಲ್ಕು ಮೂಲೆಗೂ ಸೇರು ಪಾವು ಇಟ್ಟು, ನಾನು ಬೆರಳಿಟ್ಟು ಓದತೊಡಗಿದೆ. ಜಗಲಿ. ನಡುಮನೆ. ದೇವರ ಕೋಣೆ. ಕಾಳಿನ ಕೋಣೆ. ಮಲಗುವ ಕೋಣೆಗಳು. ದನದ ಕೊಟ್ಟಿಗೆ ಹಿತ್ತಲಿಗೆ ಹೋಗಿದೆ ಎಂದಾಗ ಮಾವ ಹುಬ್ಬು ಗಂಟಿಕ್ಕಿದರು. ಎತ್ತಿನ ಮುಖ ಕಾಣದಿದ್ದರೆ ಅವರಿಗೆ ಬೆಳಗಾಗುವುದಿಲ್ಲ. ಆಮೇಲೆ “ಅಡುಗೆ ಮನೆ ಒಂದು” ಎಂದು ಓದಿದೆ. ಎಲ್ಲರೂ ತಲೆಯಾಡಿಸಿದರು. ಅದರ ಪಕ್ಕದ ಚೌಕದಲ್ಲೂ ಏನೋ ಬರೆದಿತ್ತು. ಹಿಂದೆ ಮುಂದೆ ಯೋಚಿಸದೆ ಅದನ್ನೂ ಗಟ್ಟಿಯಾಗಿ ಓದಿಬಿಟ್ಟೆ.

“ಅಡುಗೆ ಮನೆ ಎರಡು.”

ನಮ್ಮ ಕಡೆ ಒಂದು ಮನೆಗೆ ಎಷ್ಟು ಕೋಣೆ ಇದ್ದರೂ ಯಾರೂ ಕೇಳುವುದಿಲ್ಲ. ಒಲೆ ಎರಡಾದರೆ ಮಾತ್ರ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ಪಾಯ ತೋಡುವ ಮುಂಚೆಯೇ ನಮ್ಮ ಮನೆ ಎರಡಾಗಿ ಕೂತಿತ್ತು.

“ಇದನ್ನ ಯಾರು ಹೇಳಿ ಬರೆಸಿದ್ದು?” ಎಂದರು ಮಾವ.

ಎಲ್ಲರ ಕಣ್ಣೂ ನನ್ನ ಮೇಲೆ ಬಂದು ಕೂತವು. ಅದಕ್ಕೆ ಕಾರಣಗಳೂ ಇದ್ದವು, ಇಲ್ಲವೆನ್ನಲಾರೆ. ಪ್ಲಾನು ಬರೆದ ಶಿವಮೂರ್ತಪ್ಪನವರು ಓವರ್‌ಸಿಯರ್ ಕೆಲಸದಿಂದ ರಿಟೈರಾದವರು. ತಿಂಗಳ ಹಿಂದೆ ಜಾಗ ಅಳೆಯಲು ಬಂದಾಗ ಟೇಪಿನ ಇನ್ನೊಂದು ತುದಿ ಹಿಡಿದವಳು ನಾನೇ. ಅಡಿ, ಅಂಗುಲ ಎಂದು ಅವರ ಜೊತೆ ಜಾಣತನದ ಮಾತಾಡಿದವಳೂ ನಾನೇ. ಮೇಲಾಗಿ ಹಿಂದಿನ ವರ್ಷವಷ್ಟೇ ಸಾಸ್ವೆಹಳ್ಳಿಯ ನನ್ನ ತವರಿನಲ್ಲಿ ಅಣ್ಣಂದಿರಿಬ್ಬರೂ ಬೇರೆಯಾಗಿದ್ದರು. ಇಷ್ಟು ಸಾಕ್ಷಿ ಸಿಕ್ಕಿದರೆ ಕೋರ್ಟಿನಲ್ಲೂ ನನಗೆ ಶಿಕ್ಷೆಯಾಗುತ್ತಿತ್ತು.

“ತವರಾಗೆ ಕಲ್ತಿದ್ದು ಎಲ್ಲಿಗೆ ಹೋಗ್ತೈತೆ?” ಎಂದಳು ಕರಿಬಸಮ್ಮ, ಸೂರಿನ ಕಡೆ ನೋಡುತ್ತಾ.

“ನಾನು ಹೇಳಿಲ್ಲ ಕಣಕ್ಕ. ಓವರ್‌ಸಿಯರನ್ನೇ ಕರೆಸಿ ಕೇಳ್ರಿ.”

ಆದರೆ ಆ ಪುಣ್ಯಾತ್ಮ ಪ್ಲಾನನ್ನು ನಮ್ಮವರ ಕೈಗೆ ಕೊಟ್ಟವನೇ ಮಗಳ ಬಾಣಂತನಕ್ಕೆ ಹೆಂಡತಿಯನ್ನು ಕರೆದುಕೊಂಡು ಜಗಳೂರಿನ ಬಸ್ಸು ಹತ್ತಿದ್ದ. ಬರುವುದು ಹದಿನೈದು ದಿನವೋ ತಿಂಗಳೋ, ಕೂಸಿಗೇ ಗೊತ್ತು.

ಮಾವ ಕಾಗದವನ್ನು ಸುತ್ತಿ ಜಂತಿಗೆ ಸಿಕ್ಕಿಸಿದರು. “ಯಾರು ಹೇಳಿದ್ದು ಅಂತ ಗೊತ್ತಾಗೋ ತನಕ ಪಾಯ ಇಲ್ಲ. ಒಡೆಯೋ ಮನೇನ ಕಟ್ಟಾಕೆ ನನಗೇನು ಹುಚ್ಚು ಹಿಡಿದೈತಾ?”

ಅಲ್ಲಿಂದ ಎಂಟು ದಿನ ನಾನು ಪಟ್ಟ ಪಾಡು ನನಗೇ ಗೊತ್ತು. ನಾನು ನೀರಿಗೆ ಹೋದರೆ “ಬೇರೆ ಕೊಡ ಬೇಕೇನವ್ವ?” ರೊಟ್ಟಿ ತಟ್ಟಲು ಕೂತರೆ “ನಿನ್ನ ಪಾಲಿನ ಹಿಟ್ಟು ತೆಗೆದಿಟ್ಕ.” ಕರಿಬಸಮ್ಮ ನಗುತ್ತಲೇ ಅನ್ನುತ್ತಿದ್ದಳು. ನಗುತ್ತಾ ಅಂದದ್ದಕ್ಕೆ ಜಗಳ ಆಡುವುದಾದರೂ ಹೇಗೆ? ನಮ್ಮವರು ನನ್ನ ಪರ ಒಂದು ಮಾತೂ ಆಡಲಿಲ್ಲ. ರಾಗಿ ಚೀಲ ಎಣಿಸುವುದಕ್ಕೆ ಅವರಿಗೆ ಆ ವಾರದಷ್ಟು ಪುರುಸೊತ್ತು ಎಂದೂ ಸಿಕ್ಕಿರಲಿಲ್ಲ. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಕಂಬಕ್ಕೆ ಒರಗಿ ಎಲೆಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಈ ಮನೆಯಲ್ಲಿ ಒಳ್ಳೆಯ ಮನಸ್ಸು ಅಂತ ಇರುವುದು ಇವರೊಬ್ಬರಿಗೇ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ನಿಜ ಹೇಳಬೇಕೆಂದರೆ ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇತ್ತು. ಬೇರೆ ಒಲೆಯ ಆಸೆ ನನಗೆ ಬಂದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು. ಒಂದಲ್ಲ, ಹತ್ತು ಸಲ ಬಂದಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ. ಮಾಡದ ತಪ್ಪಿಗೆ ಬೈಸಿಕೊಂಡರೆ ತಡೆದುಕೊಳ್ಳಬಹುದು. ಮಾಡಬೇಕೆಂದಿದ್ದು ಮಾಡದೆ ಬಿಟ್ಟ ತಪ್ಪಿಗೆ ಬೈಸಿಕೊಂಡರೆ ಮೈ ಉರಿಯುತ್ತದೆ.

ಒಂಬತ್ತನೇ ದಿನ ಮಾವ ಜಂತಿಯಿಂದ ಕಾಗದ ಇಳಿಸಿದರು. ಪಾಯದ ದಿನ ಹತ್ತಿರ ಬಂದಿತ್ತು. ಹಟ ಎಷ್ಟೇ ಇದ್ದರೂ ನೋಡಿಸಿದ ದಿನ ತಪ್ಪಿಸಲು ಅವರಿಗೆ ಧೈರ್ಯವಿರಲಿಲ್ಲ. ಆದರೆ ಕಾಗದವನ್ನು ಎಷ್ಟು ತಿರುಗಿಸಿ ನೋಡಿದರೂ ಅವರಿಗೆ ಮನೆ ಕಾಣಲೊಲ್ಲದು.

“ಇದರೊಳಗೆ ಓಡಾಡಿ ನೋಡಾಕೆ ನಾನೇನು ಇರುವೆ ಏನಲೇ?” ಎಂದು ಮಕ್ಕಳ ಮೇಲೆ ರೇಗಿದರು. “ಕಣದಾಗೆ ಬರೀರಿ. ಇದ್ದಷ್ಟೇ ಅಳತೆಗೆ ಬರೀರಿ. ಎಲ್ಲರೂ ಒಂದು ಗಳಿಗೆ ಅದರಾಗೆ ಬಾಳಿ ನೋಡನ. ಆಮೇಲೆ ಯಾವ ಕೋಣೆ ಇರಬೇಕು, ಯಾವುದು ಹೋಗಬೇಕು ಅಂತ ನಾನು ಹೇಳ್ತೀನಿ.”

ಒಕ್ಕಣೆ ಮುಗಿದು ಕಣ ಖಾಲಿ ಬಿದ್ದಿತ್ತು. ರಾಶಿಯ ಸುತ್ತ ಬೂದಿ ಗೆರೆ ಎಳೆಯುವುದು ಓಬಣ್ಣ ಭಾವನಿಗೆ ಕೈ ಕೂತ ಕೆಲಸ. ನಾನು ಕಾಗದ ನೋಡಿ ಅಡಿ ಹೇಳುವುದು, ನಮ್ಮವರು ಹಗ್ಗ ಹಿಡಿಯುವುದು, ಭಾವ ಒಲೆಯ ಬೂದಿಯನ್ನು ಮೊರದಿಂದ ಉದುರಿಸುತ್ತಾ ಹೋಗುವುದು. ಬಿಸಿಲೇರುವ ಹೊತ್ತಿಗೆ ಕಣದಲ್ಲಿ ಮನೆ ಬಿದ್ದಿತ್ತು. ನೋಡಿದ ಎಲ್ಲರಿಗೂ ಗಾಬರಿ. ಕಾಗದದ ಮೇಲೆ ಅರಮನೆಯ ಹಾಗಿದ್ದದ್ದು ನೆಲದ ಮೇಲೆ ಕೋಳಿಗೂಡಿನಷ್ಟು ಕಂಡಿತು.

“ಒಂದು ಹೆಜ್ಜೆ ಅತ್ಲಾಗೆ ಸರಿಸು” ಎಂದರು ಮಾವ. ಭಾವ ಕಾಳಿನ ಕೋಣೆಗೆ ಒಂದು ಹೆಜ್ಜೆ ಕೊಟ್ಟರು. ನಮ್ಮವರು ಜಗಲಿಗೆ ಒಂದು ಹೆಜ್ಜೆ ಕೊಟ್ಟರು. ಕರಿಬಸಮ್ಮ ಯಾರೂ ನೋಡದಾಗ ತನ್ನ ಮಲಗುವ ಕೋಣೆಗೆ ಎರಡು ಹೆಜ್ಜೆ ಕೊಟ್ಟುಕೊಂಡಳು. ಹೀಗೆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಮನೆ ಕಣ ದಾಟಿ ಪಕ್ಕದವರ ಹುಲ್ಲಿನ ಬಣವೆಯೊಳಗೆ ಹೊಕ್ಕಿತು. ಕೊನೆಗೆ ನಾನೇ ಗದರಿ, ಕಾಗದದಲ್ಲಿ ಇದ್ದ ಹಾಗೆ ಮತ್ತೆ ಎಳೆಸಿದೆ. ಕಳ್ಳಿಗೆ ಜಂಬ ಬೇರೆ ಎಂದು ಕರಿಬಸಮ್ಮ ಗೊಣಗಿದ್ದು ನನಗೆ ಕೇಳಿಸಿತು.

“ಈಗ ಒಳಗೆ ನಡೀರಿ” ಎಂದರು ಮಾವ. “ಅವರವರ ಜಾಗಕ್ಕೆ ಅವರವರು ಹೋಗಿ ಕೂತು ನೋಡ್ರಿ.”

ಭಾವ ಸೀದಾ ಗೆರೆ ದಾಟಿ ಕಾಳಿನ ಕೋಣೆಗೆ ಕಾಲಿಟ್ಟರು.

“ಗೋಡೆ ಹಾಯ್ದೆಯಲ್ಲೋ! ಬಾಗಿಲಾಗೆ ಬಾ!”

ಭಾವ ನಾಚಿಕೊಂಡು ಹಿಂದೆ ಹೋಗಿ, ಬಾಗಿಲಲ್ಲಿ ತಲೆ ಬಗ್ಗಿಸಿ ಬಂದರು. ಬೂದಿಯ ಬಾಗಿಲಿಗೆ ಯಾಕೆ ತಲೆ ಬಗ್ಗಿಸಿದರೋ ದೇವರೇ ಬಲ್ಲ. ಮಾವ ಜಗಲಿಯಲ್ಲಿ ಕೂತು, ಎತ್ತು ಕಾಣುತ್ತದೋ ಎಂದು ಕತ್ತು ಉದ್ದ ಮಾಡಿದರು. ಕರಿಬಸಮ್ಮ ಮೊದಲನೆಯ ಅಡುಗೆಮನೆಗೆ ಹೋಗಿ ಅದು ಅಪ್ಪನ ಮನೆಯಿಂದ ಬಂದದ್ದು ಅನ್ನುವ ಹಾಗೆ ಕೂತಳು. ನಾನು ಮಾತ್ರ ಹೊರಗೇ ನಿಂತೆ. ಎಲ್ಲಿ ಕಾಲಿಟ್ಟರೂ ನನಗೆ ಕೊಂಕು ಮಾತು ತಪ್ಪುತ್ತಿರಲಿಲ್ಲ.

ಕೊನೆಗೆ ಅತ್ತೆ ಬಂದರು. ಅವರಿಗೆ ಅಕ್ಷರ ಬಾರದು, ಕಾಗದವನ್ನು ಅವರು ಕಣ್ಣೆತ್ತಿಯೂ ನೋಡಿದವರಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಲೆಬಾಗಿಲಲ್ಲಿ ಬಲಗಾಲಿಟ್ಟರು. ನಡುಮನೆ ದಾಟಿದರು. ದೇವರ ಕೋಣೆಯ ಮುಂದೆ ಒಂದು ಚಣ ನಿಂತು ಕೈ ಮುಗಿದರು. ಎಡಕ್ಕೆ ತಿರುಗಿದರು. ಎರಡನೆಯ ಅಡುಗೆಮನೆಯ ಬಾಗಿಲು ಎಲ್ಲಿದೆ ಎಂದು ಒಬ್ಬರನ್ನೂ ಕೇಳದೆ ಒಳಗೆ ಹೋಗಿ, ಪೂರ್ವಕ್ಕೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತರು. ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ ಅಲ್ಲಿ ಇಲ್ಲದ ಸೌದೆಯನ್ನು ತಡಕಿತು.

“ಸೌದೆ ಇಡಾಕೆ ಜಾಗ ಸಾಲದು” ಎಂದು ಅತ್ತೆ ಬೇಜಾರಿನಿಂದ ಹೇಳಿದರು. “ಆ ಓವರ್‌ಸಿಯರಪ್ಪಗೆ ಮಜ್ಜಿಗೆ ಕೊಟ್ಟು, ಇನ್ನೂ ನಾಲ್ಕು ಮೊಳ ಬಿಡಪ್ಪ ಅಂತ ಹೇಳಿದ್ದೆ.”

ಹೇಳಿದ ಮೇಲೆ ಅವರಿಗೆ ಎಚ್ಚರವಾಯಿತು. ಮಾವನ ಕತ್ತು ಉದ್ದವಾಗಿದ್ದದ್ದು ಹಾಗೇ ಉಳಿಯಿತು. ಕರಿಬಸಮ್ಮನ ಬಾಯಿ ಜೀವನದಲ್ಲಿ ಮೊದಲ ಸಲ ಮುಚ್ಚಿತ್ತು.

ನನ್ನ ಒಳಗಿದ್ದ ಎಂಟು ದಿನದ ಉರಿ ಒಮ್ಮೆಗೇ ಎದ್ದಿತು. ಬಾಗಿಲು ಗೋಡೆ ಒಂದೂ ನೋಡದೆ ಗೆರೆಗಳನ್ನು ತುಳಿದುಕೊಂಡು ಹೋಗಿ ಅವರೆದುರು ನಿಂತೆ. “ಎಂಟು ದಿನ ಎಲ್ಲರೂ ನನಗೆ ಬಾಯಿಗೆ ಬಂದಂಗೆ ಅಂದ್ರಲ್ಲತ್ತೆ. ಅವಳಲ್ಲ, ನಾನು ಹೇಳಿದ್ದು ಅಂತ ಒಂದು ಮಾತು ಅನ್ನಾಕೆ ನಿಮಗೆ ಆಗಲಿಲ್ವಾ?”

“ಅಂದಿದ್ರೆ ಒಲೆ ಹೋಗ್ತಿತ್ತು” ಎಂದರು ಅತ್ತೆ, ನೆಲ ನೋಡುತ್ತಾ.

“ನಿನಗ್ಯಾಕೆ ಬೇಕಾಗಿತ್ತು ಒಲೆ?” ಮಾವ ಜಗಲಿಯಿಂದಲೇ ಕೂಗಿದರು. “ಇಬ್ಬರು ಸೊಸೆಯರು ಅದಾರೆ. ಕೂತಲ್ಲಿಗೆ ಗಂಗಾಳ ಬರ್ತೈತೆ. ಊರಾಗೆ ಯಾವ ಅತ್ತೆಗೈತೆ ಈ ಸುಖ?”

ಅದು ನಿಜವೇ. ನಾನು ಬಂದು ಮೂರು ವರ್ಷವಾಗಿತ್ತು. ಎರಡನೆಯ ಸೊಸೆ ಬಂದ ದಿನವೇ ಅತ್ತೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕಂಬದ ಹತ್ತಿರ ಕೂರಿಸಿದ್ದೆವು. ಆಮೇಲೆ ಅವರು ಎಂದಾದರೂ ಒಳಗೆ ಬಂದರೆ ನಾವಿಬ್ಬರೂ ಕೈ ಹಿಡಿದು ಹೊರಗೆ ಕಳಿಸುತ್ತಿದ್ದೆವು. ಇಬ್ಬರು ಸೊಸೆಯರಿದ್ದೂ ಮುದುಕಿ ಬೇಯಿಸುತ್ತಾಳೆ ಎಂದು ಊರವರು ಆಡಿಕೊಳ್ಳಬಾರದಲ್ಲ. ಎಷ್ಟು ಮರ್ಯಾದೆಯ ಸೊಸೆಯರು ನಾವು!

“ಸುಖ ಐತೆ, ಇಲ್ಲ ಅನ್ನಲ್ಲ” ಎಂದರು ಅತ್ತೆ. ದನಿ ತೀರಾ ಸಣ್ಣದಾಗಿತ್ತು. “ದಿನಾ ಎಲ್ಲರೂ ಉಂಡೇನವ್ವ, ಉಂಡೇನವ್ವ ಅಂತ ಕೇಳ್ತೀರಿ. ಹಸಿವಾಗೈತೆ, ಉಣ್ಣಾಕೆ ಇಕ್ಕು ಅಂತ ಯಾರೂ ಕೇಳಲ್ಲ. ಮೂರು ವರ್ಷ ಆತು.”

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ನನ್ನನ್ನು ಎಂಟು ದಿನ ಸುಟ್ಟ ಮುದುಕಿಯ ಮೇಲೆ ನನಗೆ ಹೊಟ್ಟೆ ತುಂಬ ಅಕ್ಕರೆ ಬಂತು, ಅದಕ್ಕೇ ಇನ್ನಷ್ಟು ಸಿಟ್ಟೂ ಬಂತು. ಏನು ಮಾಡಬೇಕೆಂದು ತೋಚದೆ, ಎರಡು ಅಡುಗೆಮನೆಗಳ ನಡುವೆ ಇದ್ದ ಬೂದಿ ಗೆರೆಯನ್ನು ಆ ತುದಿಯಿಂದ ಈ ತುದಿಯವರೆಗೆ ಕಾಲಿನಿಂದ ಒರೆಸಿ ಹಾಕಿದೆ.

“ಈಗ ಅಡುಗೆಮನೆ ಒಂದೇ ಮಾವ” ಎಂದೆ. “ಒಲೆ ಎರಡು. ಊರವರು ಏನಾದ್ರೂ ಅಂದ್ರೆ ಒಳಗೆ ಕರೆದು ತೋರಿಸ್ರಿ.”

ಮಾವ ಗಡ್ಡ ಕೆರೆದುಕೊಂಡು ಒರೆಸಿದ ಜಾಗವನ್ನು ನೋಡಿದರು, ಹೆಂಡತಿಯನ್ನು ನೋಡಿದರು. “ಒಂದು ಗೋಡೆ ಖರ್ಚು ಉಳೀತು ಬಿಡು” ಎಂದು ಗೊಣಗಿದರು. ಅವರ ಬಾಯಲ್ಲಿ ಅದೇ ಒಪ್ಪಿಗೆ. ಕರಿಬಸಮ್ಮ ನನ್ನ ಮುಖ ನೋಡಲಿಲ್ಲ. ಆದರೆ ಕೂತಲ್ಲೇ ಸ್ವಲ್ಪ ಸರಿದು ಅತ್ತೆಯ ಸೌದೆಗೆ ಜಾಗ ಬಿಟ್ಟಳು.

ನಾನು ಅತ್ತೆಯ ಎದುರು ಕೂತೆ. “ಅತ್ತೆ, ನನಗೆ ಹಸಿವಾಗೈತೆ.”

ಅವರು ನನ್ನನ್ನೇ ನೋಡಿದರು. ಆಮೇಲೆ ಮಂಡಿಗೆ ಕೈ ಕೊಟ್ಟು ಎದ್ದು, ಬೂದಿಯ ಬಾಗಿಲಲ್ಲೇ ಹೊರಗೆ ಬಂದು, ಹಳೆಯ ಮನೆಯ ಕಡೆ ಬಿರಬಿರನೆ ನಡೆದರು. “ಅಯ್ಯೋ, ನಾನು ಮಾಡ್ತೀನಿ ಬಿಡತ್ತೆ” ಎಂದು ಕರಿಬಸಮ್ಮ ರೂಢಿಯಂತೆ ಎದ್ದಳು. ನಾನು ಅವಳ ಸೆರಗು ಹಿಡಿದು ಜಗ್ಗಿ ಕೂರಿಸಿದೆ.

ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಆಯಿತು. ಅತ್ತೆಯೇ ಎಲ್ಲರಿಗೂ ಬಡಿಸಿದರು. ಮೊದಲ ತುತ್ತಿಗೇ ಗೊತ್ತಾಯಿತು, ಸಾರಿಗೆ ಉಪ್ಪು ವಿಪರೀತ. ಮೂರು ವರ್ಷದಲ್ಲಿ ಅವರ ಕೈಯ ಅಂದಾಜು ತಪ್ಪಿಹೋಗಿತ್ತು. ಮಾವ ತಲೆ ಎತ್ತದೆ ಉಂಡರು. ಗಂಡುಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಸೌಟು ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತು, “ಹೆಂಗೈತೆ?” ಎಂದು ಕೇಳಿದರು.

ನಾನು ಗಂಗಾಳ ಮುಂದೆ ಮಾಡಿ ಇನ್ನೆರಡು ಸೌಟು ಹಾಕಿಸಿಕೊಂಡೆ.