ಹನ್ನೆರಡು ಎಂದು ಕೊರೆದ ಕೊಂಡಿ

ಅಂಗಡಿಯ ತಿತಿನ್ ಅಕ್ಕ ಎರಡನೇ ಲೋಟ ಕಾಫಿ ಮುಗಿಸಿದರೂ ರುಸ್ಮಾನ್ ಹಗ್ಗ ಸಿಕ್ಕಿಸುವ ಕೊಂಡಿಗಳ, ಅಂದರೆ ಕ್ಯಾರಬೀನರ್‌ಗಳ ಮುಂದಿನಿಂದ ಕದಲಲಿಲ್ಲ. ಬೆಟ್ಟ ಹತ್ತುವವರ ಸಾಮಾನು ಮಾರುವ ಅಂಗಡಿಗಳಿಗೆ ಬಾಂಡುಂಗ್‌ನಲ್ಲಿ ಬರವಿಲ್ಲ; ಬೆಳಗಿನಿಂದ ಅವನು ಹೊಕ್ಕವುಗಳಲ್ಲಿ ಇದು ನಾಲ್ಕನೆಯದು. ಒಂದು ಕೈಯಲ್ಲಿ ಉಕ್ಕಿನ ಕೊಂಡಿ, ಇನ್ನೊಂದರಲ್ಲಿ ಅಲ್ಯೂಮಿನಿಯಂನದು. ಉಕ್ಕಿನದು ಜೇಬು ಜೋಲುವಷ್ಟು ಭಾರ. ಇನ್ನೊಂದು ಅಂಗೈಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಅತ್ತ ದರಿ, ಇತ್ತ ಪುಲಿ.

"ಹೆಣ್ಣು ನೋಡೋಕೆ ಬಂದವರೂ ಇಷ್ಟು ಹೊತ್ತು ನೋಡಲ್ಲ ಕಣಪ್ಪ" ಅಂದಳು ತಿತಿನ್. "ಆ ಹಗುರದ್ದರ ಬೆನ್ನ ಮೇಲೆ ಹನ್ನೆರಡು ಕಿಲೋನ್ಯೂಟನ್ ಅಂತ ಕೊರೆದಿದೆ. ಹೆಚ್ಚುಕಮ್ಮಿ ಸಾವಿರದ ಇನ್ನೂರು ಕಿಲೋ ತಡೆಯುತ್ತೆ. ಎರಡು ಎಮ್ಮೆ ಮಲಗಿಸು, ಏನಾಗಲ್ಲ."

"ಕೊರೆದಿರೋದೆಲ್ಲ ನಿಜಾನಾ?"

"ಆ ಬುಟ್ಟೀಲಿ ಬೀಗದ ಕೈಗೆ ಹಾಕೋ ಕೊಂಡಿ ಇದಾವೆ ನೋಡು. ನೋಡೋಕೆ ಇದರ ಅವಳಿ. ಅವುಗಳ ಮೇಲೆ 'ಭಾರಕ್ಕಲ್ಲ' ಅಂತ ಕೊರೆದಿದೆ. ಅದೂ ನಿಜಾನೇ. ಓದೋರು ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ರುಸ್ಮಾನ್ ಹಾಗೇ ಬೆವರಿದ. ಹಗುರದವನ್ನೇ ನಾಲ್ಕು ಕೊಂಡು ಬೇಗ ಹೊರಬಿದ್ದ.

ಹದಿನಾಲ್ಕು ತಿಂಗಳ ಹಿಂದೆ ಚಿಕೋಲೆಯ ಪೈನ್ ತೋಪಿನಲ್ಲಿ ನಡೆದದ್ದು ಇಷ್ಟು. ಅವನ ಗೆಳೆಯರ ಗುಂಪು ಎಂದಿನಂತೆ ಎರಡೇ ಮರಗಳ ನಡುವೆ ಮಲಗಲು ಒಂದರ ಮೇಲೊಂದು ಬಟ್ಟೆಯ ಜೋಲಿ ಕಟ್ಟಿತ್ತು. ರುಸ್ಮಾನ್‌ಗೆ ಒಂದು ಕೊಂಡಿ ಕಡಿಮೆ ಬಿತ್ತು. ನೀರಿನ ಬಾಟಲಿಯ ಜೊತೆ ಪುಕ್ಕಟೆ ಬಂದಿದ್ದ ಕೊಂಡಿಯನ್ನು ಬಿಚ್ಚಿ ಸಿಕ್ಕಿಸಿದ. ಲೇಬಲ್ ಮುದ್ರಿಸುವ ಪ್ರೆಸ್ಸಿನಲ್ಲಿ ಅಕ್ಷರ ತಿದ್ದುವುದೇ ಅವನ ಕೆಲಸ. ಕೊಂಡಿಯ ಮೇಲಿನ ಇರುವೆಯಂಥ ಅಕ್ಷರಗಳು ಅವನ ಕಣ್ಣು ತಪ್ಪಿಸಲಿಲ್ಲ. ಭಾರಕ್ಕಲ್ಲ. ಓದಿದ. ಒಂದು ಮಧ್ಯಾಹ್ನಕ್ಕೆ ತಾನೇ ಅಂದುಕೊಂಡ. ಮೇಲಿನ ಜೋಲಿ ಹತ್ತಿ ಮಲಗಿದಾಗ ಕೊಂಡಿ ಬಾಯಿ ಬಿಟ್ಟಿತು, ಅವನು ಕೆಳಗಿನ ಜೋಲಿಯಲ್ಲಿದ್ದ ಯಾಯತ್‌ನ ಮೇಲೆ ಬಿದ್ದ. ರುಸ್ಮಾನ್‌ಗೆ ತರಚು ಗಾಯವೂ ಇಲ್ಲ. ಯಾಯತ್‌ನ ಸೊಂಟ ಮುರಿಯಿತು. "ಯಾರಿಗೆ ಗೊತ್ತಿತ್ತು" ಎಂದು ರುಸ್ಮಾನ್ ಎಲ್ಲರೆದುರು ಅಂದುಬಿಟ್ಟ. ಓದಿದ್ದೆ ಎಂದು ಅವತ್ತಿನಿಂದ ಯಾರಿಗೂ ಹೇಳಿಲ್ಲ.

ತೋಫು ಮಾರುವ ಯಾಯತ್ ಈಗ ಕೋಲೂರಿ ನಡೆಯುತ್ತಾನೆ. ಮೊನ್ನೆ ತಾನಾಗೇ ಹೇಳಿ ಕಳಿಸಿದ್ದ: ಭಾನುವಾರ ಚಿಕೋಲೆಗೆ ಹೋಗೋಣ, ಇಬ್ಬರೇ. ಕೊಂಡಿ ನೀನೇ ಆರಿಸು. ಹಗುರದ್ದು ತಾ, ನನ್ನ ಸೊಂಟ ಗ್ರಾಂ ಲೆಕ್ಕ ಹಾಕುತ್ತೆ.

ಶನಿವಾರವೆಲ್ಲ ರುಸ್ಮಾನ್ ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ಸುತ್ತಿದ. ಮನೆಯ ತೊಲೆಗೆ ಕೊಂಡಿ ಸಿಕ್ಕಿಸಿ ಅಕ್ಕಿಮೂಟೆ ತೂಗುಹಾಕಿದ, ಮೂಟೆಯ ಮೇಲೆ ತಾನೂ ಜೋತುಬಿದ್ದ. "ಅಕ್ಕಿ ಚೆಲ್ಲಿದ್ರೆ ನೀನೇ ಆರಿಸ್ಬೇಕು" ಅಂದಳು ಹೆಂಡತಿ. ಕೊಂಡಿ ಮಿಸುಕಲಿಲ್ಲ. ಅವನಿಗೆ ಸಮಾಧಾನವೂ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಚಿಕೋಲೆಯಲ್ಲಿ ಒಂದರ ಮೇಲೊಂದು ಎರಡು ಜೋಲಿ ಕಟ್ಟಿದ. ಮರಕ್ಕೆ ಸುತ್ತಿದ ಪಟ್ಟಿ ಬಿಗಿದಷ್ಟೂ ಕೊಂಡಿಗೆ ಭಾರ ಹೆಚ್ಚೆಂದು ಜೋಲಿಯ ನಡು ಇಳಿಬೀಳುವ ಹಾಗೆ ಸಡಿಲ ಬಿಟ್ಟ. ಪ್ರತಿ ಕೊಂಡಿಯ ಬಾಯಿ ಮುಚ್ಚಿದೆಯೋ ಎಂದು ಬೆರಳಿಟ್ಟು ನೋಡಿದ, ಮತ್ತೆ ನೋಡಿದ. ಯಾಯತ್ ಕೋಲನ್ನು ಮರಕ್ಕೆ ಒರಗಿಸಿ ಕೆಳಗಿನ ಜೋಲಿಯಲ್ಲಿ ಕೂತ.

"ನೀನು ಮೇಲಿನದಕ್ಕೆ ಹತ್ತು."

"ನಾನು ನೆಲದ ಮೇಲೆ ಕೂತಿರ್ತೀನಿ."

"ಯಾಕೆ, ಇರುವೆ ಕಾಯೋಕಾ?"

ರುಸ್ಮಾನ್ ನಗಲಿಲ್ಲ. "ಯಾಯತ್, ಅವತ್ತಿನ ಕೊಂಡಿ ಮೇಲೆ ಭಾರಕ್ಕಲ್ಲ ಅಂತ ಬರೆದಿತ್ತು. ನಾನು ಓದಿದ್ದೆ."

ಯಾಯತ್ ಕೈಯಲ್ಲಿದ್ದ ಕರಿದ ತೋಫುವನ್ನು ಪೂರ್ತಿ ಅಗಿದು ನುಂಗಿದ.

"ಗೊತ್ತು."

"ಯಾರು ಹೇಳಿದ್ರು?"

"ಬಿಸ್ಕತ್ ಪೊಟ್ಟಣದ ಹಿಂಬದೀನೂ ಬಿಡದೆ ಓದೋನು, ಅದೊಂದನ್ನ ಬಿಟ್ಟಿರ್ತೀಯಾ? ಆಸ್ಪತ್ರೇಲಿ ಮೊದಲನೇ ದಿನಾನೇ ಹೊಳೀತು. ನೀನೇ ಹೇಳ್ತೀಯ ಅಂತ ಕಾದೆ. ಹದಿನಾಲ್ಕು ತಿಂಗಳು ಕಣೋ. ಸೊಂಟಕ್ಕಿಂತ ಅದೇ ಜಾಸ್ತಿ ನೋವಾಗಿದ್ದು."

ರುಸ್ಮಾನ್ ತಲೆ ಎತ್ತದೆ ಮತ್ತೊಂದು ಸಲ ಕೊಂಡಿಯ ಬಾಯಿಗೆ ಬೆರಳಿಟ್ಟು ನೋಡಿದ. ನಾಚಿಕೆಗೆ ಕಿವಿ ಸುಡುತ್ತಿತ್ತು.

"ಈ ಕೊಂಡೀನೂ ಓದಿದ್ದೀಯಾ?" ಯಾಯತ್ ಕೇಳಿದ.

"ನೂರು ಸಲ."

"ಸರಿ ಮತ್ತೆ. ಹತ್ತು."

ರುಸ್ಮಾನ್ ಹತ್ತಿದ. ಬಟ್ಟೆ ಇಳಿಯಿತು, ಪಟ್ಟಿ ಕಿರುಗುಟ್ಟಿತು. ಅವನು ಕೊರಡಿನಂತೆ ಮಲಗಿ ತಲೆಯ ಮೇಲಿನ ಕೊಂಡಿಯನ್ನೇ ದಿಟ್ಟಿಸಿದ. ಕೆಳಗಿನಿಂದ ಯಾಯತ್ ಮೆಲ್ಲಗೆ ಒದ್ದ.

"ಹೊರಳೋ. ಮಲಗೋ ಮುಂಚೆ ಮೂರು ಸಲ ಹೊರಳೋದು ನಿನ್ನ ಚಾಳಿ. ಅದು ಮುಗಿಯೋವರೆಗೂ ನನಗೆ ನಿದ್ದೆ ಬರಲ್ಲ."

ಉಸಿರು ಬಿಗಿಹಿಡಿದು ಒಂದು ಸಲ ಹೊರಳಿದ. ಏನೂ ಆಗಲಿಲ್ಲ. ಇನ್ನೊಂದು ಸಲ. ಮೂರನೆಯದಕ್ಕೆ ಮಗ್ಗುಲಾಗುವಷ್ಟರಲ್ಲಿ, ಅವನ ಬೆನ್ನಿನ ಸರಿಯಾಗಿ ಕೆಳಗೆ, ಯಾಯತ್ ಗೊರಕೆ ಹೊಡೆಯುತ್ತಿದ್ದ.