ಹಿತ್ತಾಳೆಯ ಪಿನ್ನು

ದೋಣಿ ಹೊರಡುವ ಹೊತ್ತಿಗೆ ಅವಳು ಎಂಜಿನ್ನನ್ನು ನೀರಿನಿಂದ ಮೇಲೆತ್ತಿ ಪ್ರೊಪೆಲ್ಲರ್ ಬಿಚ್ಚಲು ಕೂತಳು. ಹತ್ತಿ ಕೂತಿದ್ದವರು ಮುಖ ಮುಖ ನೋಡಿಕೊಂಡರು.

"ಇದೇನತ್ತಿಗೆ, ಹೊರಡೋ ಹೊತ್ತಲ್ಲಿ?" ದಡದಿಂದ ಮೈದುನ ಕೂಗಿದ. "ಪಿನ್ನು ನಾನೇ ಹಾಕಿದೀನಿ. ಉಕ್ಕಿಂದು. ಜಪ್ಪಯ್ಯ ಅಂದ್ರೂ ಮುರಿಯಲ್ಲ."

"ಅದಕ್ಕೇ ತೆಗೀತಿರೋದು."

ಪ್ರೊಪೆಲ್ಲರನ್ನು ಅದರ ದಂಡಕ್ಕೆ ಹಿಡಿದಿಡುವುದು ಆ ಪುಟ್ಟ ಪಿನ್ನು. ಹಿತ್ತಾಳೆಯದಾದರೆ ಏನಾದರೂ ಬಡಿದೊಡನೆ ತುಂಡಾಗುತ್ತದೆ. ಪೆಟ್ಟು ಅಲ್ಲಿಗೇ ನಿಲ್ಲುತ್ತದೆ. ಮತ್ತೆ ಮತ್ತೆ ಬದಲಿಸುವ ರಗಳೆ ಬೇಡವೆಂದು ಮೈದುನ ಹಿಂದೊಮ್ಮೆಯೂ ಉಕ್ಕಿನದನ್ನು ಹಾಕಿದ್ದ. ಆಗ ಮುಳುಗಿದ್ದ ದಿಮ್ಮಿಗೆ ಬಡಿದು ಪ್ರೊಪೆಲ್ಲರಿನ ಒಂದು ರೆಕ್ಕೆ ಹಾರಿಹೋಯಿತು, ಎಂಜಿನ್ನಿನೊಳಗಿನ ಹಲ್ಲುಗಾಲಿಗಳು ನುಚ್ಚುನೂರಾದವು. ಇನ್ನೊಮ್ಮೆ ಎಂಜಿನ್ ಕೆಟ್ಟರೆ ದೋಣಿ ಮಾರಿಬಿಡುವುದೇ ಸೈ ಎಂದಿದ್ದರು ಅತ್ತೆ. ಗಂಡ ತೀರಿಕೊಂಡ ಮೇಲೆ ಅವಳ ಕೈಯಲ್ಲಿ ಉಳಿದಿದ್ದುದು ಆ ದೋಣಿಯೊಂದೇ.

"ಹೋದ್ಸಲ ನಿನ್ನ ಪಿನ್ನು ಉಳೀತು ಕಣಪ್ಪ, ಬಾಕಿ ಎಲ್ಲ ಹೋಯ್ತು. ಮೂಗಿಗಿಂತ ಮೂಗುತಿ ಭಾರ ಆಗಬಾರ್ದು."

"ನದಿ ಬತ್ತೋದ್ರೊಳಗೆ ಹೊರಡ್ತೀಯೇನಮ್ಮ?" ಎಂದರು ದೋಣಿಯಲ್ಲಿ ಕೂತಿದ್ದ ಶಾಲೆಯ ಮೇಷ್ಟ್ರು. ಎಲ್ಲರೂ ನಕ್ಕರು. ಅವಳು ತಲೆಯೆತ್ತಲಿಲ್ಲ. ಉಕ್ಕಿನ ಪಿನ್ನನ್ನು ತಟ್ಟಿ ಹೊರಗೆ ತಳ್ಳಿದಳು, ಹಿತ್ತಾಳೆಯದನ್ನು ಕೂರಿಸಿದಳು, ಇನ್ನೆರಡನ್ನು ಸೊಂಟದ ಚೀಲಕ್ಕೆ ಹಾಕಿಕೊಂಡಳು.

ನಡುನೀರಿನಲ್ಲಿ ಕೆಳಗೆ ಧಡ್ ಎಂದಿತು. ಎಂಜಿನ್ ಒಮ್ಮೆಲೇ ಅರಚಿತು. ದೋಣಿ ಮಾತ್ರ ಮುಂದೆ ಹೋಗಲಿಲ್ಲ.

"ಅಯ್ಯೋ, ಕೆಟ್ಟೆವಲ್ಲಪ್ಪಾ!" ಮೇಷ್ಟ್ರು ಎದ್ದು ನಿಂತರು.

"ಪಿನ್ನು ಹೋಗಿದೆ ಅಷ್ಟೆ. ಕೂತ್ಕೊಳ್ಳಿ ಸಾರ್."

ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟಳು. ಎಂಜಿನ್ ಮೇಲೆತ್ತಿ ಬಿಚ್ಚುವಾಗ ಇಕ್ಕಳ ಒಮ್ಮೆ ಜಾರಿತು. ಪ್ರೊಪೆಲ್ಲರ್ ಹೊರಬಂದಾಗ ರೆಕ್ಕೆಗಳ ಅಂಚಿನ ಮೇಲೆ ಒಂದೊಂದಾಗಿ ಹೆಬ್ಬೆರಳು ಎಳೆದಳು. ಒಂದು ರೆಕ್ಕೆಯಲ್ಲಿ ಸಣ್ಣ ಕಚ್ಚು ಬಿದ್ದಿತ್ತು. ಯಾವುದೂ ಬಾಗಿರಲಿಲ್ಲ. ಹೊಸ ಪಿನ್ನು ಹಾಕಿ, ಲಂಗರು ಎತ್ತಿ, ಎಂಜಿನ್ನಿನ ಹಗ್ಗ ಎಳೆದಳು. ದೋಣಿ ಹೊರಟಿತು.

ಆಚೆ ದಡಕ್ಕೆ ಜನರನ್ನು ಇಳಿಸಿ ಮರಳಿ ಬಂದಾಗ ಮೈದುನ ಕಾಯುತ್ತಿದ್ದ.

"ಮುರೀತು ತಾನೆ? ನಾನು ಹೇಳ್ಲಿಲ್ವಾ?"

ಅವಳು ಮುರಿದ ಪಿನ್ನಿನ ತುಂಡುಗಳನ್ನು ಅವನ ಅಂಗೈಗೆ ಹಾಕಿ ಎಂಜಿನ್ ಎತ್ತಿ ತೋರಿಸಿದಳು. ಅವನು ಬಗ್ಗಿ ರೆಕ್ಕೆಗಳನ್ನು ನೋಡಿದ, ಮುಟ್ಟಿಯೂ ನೋಡಿದ.

"ಇದೇ ಅಳತೇಲಿ ಇನ್ನೊಂದು ಹತ್ತು ಕತ್ತರಿಸ್ಕೊಂಡು ಬಾ. ಹಿತ್ತಾಳೇಲೇ."

ಅವನು ತಲೆ ಕೆರೆದುಕೊಂಡ.

"ಹತ್ತು ಸಾಕಾ ಅತ್ತಿಗೆ?"